ಬಹಿರ್ಯಾನದಿಂದ ಸಕ್ಕರೆ ಆರತಿಯವರೆಗೆ: ಹಾವೇರಿ ಸೀಮೆಯ ಮಕ್ಕಳ ಹಬ್ಬದ ಉಡುಗೊರೆಗಳು

ಕೊಡುವ ಕ್ರಿಯೆಯನ್ನು ಹೇಳಲು ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ಉಡುಗೊರೆ ಎಂಬ ಮಾತಿನೊಳಗೆ ಉಡುವ ಬಟ್ಟೆಯ ನೆನಪಿದೆ. ಕಾಣಿಕೆ ಎಂಬುದರಲ್ಲಿ ಹಿರಿಯರನ್ನೋ ದೇವರನ್ನೋ ಕಾಣಲು ಹೋಗುವ ಭಾವವಿದೆ. ಮುಯ್ಯಿ ಮರಳಿ ಸಲ್ಲಬೇಕಾದುದು. ಬಳುವಳಿ ಮಗಳ ಹಿಂದೆ ಹೋಗುವುದು. ಬಾಗಿನ ಮುತ್ತೈದೆಗೆ ಸಲ್ಲುವುದು. ಉತ್ತರ ಕರ್ನಾಟಕದ ಆಯೇರಿ ಮದುವೆಯ ಮನೆಗೆ ಸೇರಿದುದು. ಇವೆಲ್ಲವೂ ದೊಡ್ಡವರು ದೊಡ್ಡವರಿಗೆ ಕೊಡುವ ವಸ್ತುಗಳ ಹೆಸರುಗಳು. ಮಕ್ಕಳಿಗೆ ಹಬ್ಬದಲ್ಲಿ ಕೊಡುವುದಕ್ಕೆ ಇಂಥ ಪ್ರತ್ಯೇಕವಾದ ಪದವೊಂದು ರೂಢಿಯಲ್ಲಿಲ್ಲ. ಅಲ್ಲಿ ವಸ್ತುವಿನ ಹೆಸರೇ ಉಡುಗೊರೆಯ ಹೆಸರು: ಮಣ್ಣೆತ್ತು, ಉಂಡಿ, ಹಲಗೆ, ಸಕ್ಕರೆ ಗೊಂಬೆ. ಹೆಸರಿಲ್ಲದಿದ್ದರೂ ಕ್ರಮವಿದೆ. ಯಾವ ವಯಸ್ಸಿನ ಮಗುವಿಗೆ ಯಾವ ಹಬ್ಬದಲ್ಲಿ ಏನು ಸಲ್ಲಬೇಕೆಂಬುದನ್ನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಮನೆಗಳು ಯಾವ ಪುಸ್ತಕವನ್ನೂ ನೋಡದೆ ತಿಳಿದುಕೊಂಡಿವೆ.

ಆದರೆ ಇಂಥದೊಂದು ಕ್ರಮವನ್ನು ವಯಸ್ಸಿನ ಪ್ರಕಾರ ಬರೆದಿಟ್ಟ ಪುಸ್ತಕವೂ ಇದೆ. ಅದರ ಚರಿತ್ರೆ ಇದೇ ನೆಲದೊಡನೆ ಕೂಡಿಕೊಂಡಿದೆ. ಬರೆಹದಲ್ಲಿರುವ ಆ ಕ್ರಮವನ್ನೂ ಬದುಕಿನಲ್ಲಿರುವ ಈ ಕ್ರಮವನ್ನೂ ಎದುರುಬದುರಾಗಿಟ್ಟು ನೋಡಿದರೆ, ಮಗುವಿಗೆ ಒಂದು ವಸ್ತುವನ್ನು ಆರಿಸುವಾಗ ಹಿರಿಯರು ಅದರ ಮುಂದಿನ ಬಾಳನ್ನೂ ಎಷ್ಟರಮಟ್ಟಿಗೆ ಆರಿಸುತ್ತಿರುತ್ತಾರೆ ಎಂಬುದು ಸ್ಪಷ್ಟವಾಗುತ್ತದೆ.

ಹಾವೇರಿಯಿಂದ ಉತ್ತರಕ್ಕೆ, ಇಂದಿನ ಶಿಗ್ಗಾಂವಿ ತಾಲೂಕಿನಲ್ಲಿರುವ ಬಂಕಾಪುರವು ರಾಷ್ಟ್ರಕೂಟರ ಕಾಲದಲ್ಲಿ ಬನವಾಸಿ ನಾಡಿನ ಆಡಳಿತದ ನೆಲೆಯಾಗಿತ್ತು. ಊರಿಗೆ ಹೆಸರು ಬಂದದ್ದು ಸಾಮಂತ ಬಂಕೆಯನಿಂದ. ಅವನ ಮಗ ಲೋಕಾದಿತ್ಯನು ಇಮ್ಮಡಿ ಕೃಷ್ಣನ ಅಧೀನದಲ್ಲಿ ಇಲ್ಲಿಂದ ಆಳುತ್ತಿದ್ದಾಗ, ಶಕ 820ರಲ್ಲಿ, ಎಂದರೆ ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಸಂಸ್ಕೃತ ಮಹಾಪುರಾಣಕ್ಕೆ ಇಲ್ಲಿ ಪೂಜೆ ಸಂದಿತು. ಅಮೋಘವರ್ಷ ನೃಪತುಂಗನು ಗೌರವಿಸಿದ ಜಿನಸೇನಾಚಾರ್ಯರು ಆರಂಭಿಸಿ ಅಪೂರ್ಣವಾಗಿ ಬಿಟ್ಟ ಆ ಗ್ರಂಥವನ್ನು ಶಿಷ್ಯ ಗುಣಭದ್ರಾಚಾರ್ಯರು ಪೂರ್ತಿಗೊಳಿಸಿದ್ದರು. ಗುರುವಿನ ಕೈಯಿಂದ ಶಿಷ್ಯನ ಕೈಗೆ ಬಂದ ಕೃತಿ ಅದು. ಅದರ ಮೊದಲ ಭಾಗವಾದ ಆದಿಪುರಾಣದ 47 ಪರ್ವಗಳಲ್ಲಿ 42 ಪರ್ವಗಳೂ 43ನೆಯದರ ಮೊದಲ ಕೆಲವು ಶ್ಲೋಕಗಳೂ ಜಿನಸೇನರವು. ಮಗುವಿನ ವಯಸ್ಸಿಗೆ ತಕ್ಕ ಸಂಸ್ಕಾರಗಳನ್ನು ವಿವರಿಸುವ 38ನೆಯ ಪರ್ವ ಅವರದೇ ರಚನೆ.

ಅಲ್ಲಿ ಹೇಳಿರುವ ಗರ್ಭಾನ್ವಯ ಕ್ರಿಯೆಗಳು 53. ಅವುಗಳಲ್ಲಿ ಎಂಟನೆಯದು ಬಹಿರ್ಯಾನ. ಹುಟ್ಟಿದ ಎರಡು-ಮೂರು ತಿಂಗಳಿಗೋ ಮೂರು-ನಾಲ್ಕು ತಿಂಗಳಿಗೋ ಮಗುವನ್ನು ಮಂಗಳವಾದ್ಯಗಳೊಡನೆ ಹೆರಿಗೆಮನೆಯಿಂದ ಮೊದಲ ಬಾರಿಗೆ ಹೊರಗೆ ತರುವ ಸಂದರ್ಭವಿದು. ಆಗ ಬಂಧುಗಳು ಮಗುವಿಗೆ ಪಾರಿತೋಷಿಕ ಕೊಡುತ್ತಾರೆ. ಜಿನಸೇನರು ಇಲ್ಲಿ ಒಂದು ಸಣ್ಣ ವಿಧಿಯನ್ನು ಸೇರಿಸಿದ್ದಾರೆ. ಹೀಗೆ ಬಂದ ಧನವನ್ನು ಕೂಡಿಟ್ಟು, ಮುಂದೆ ಆ ಮಗನು ತಂದೆಯ ಆಸ್ತಿಗೆ ಅಧಿಕಾರಿಯಾಗುವ ದಿನ ಅವನಿಗೇ ಒಪ್ಪಿಸಬೇಕು ಎಂಬುದು ಆ ವಿಧಿ. ಮಗುವಿಗೆ ಬಂದ ಉಡುಗೊರೆ ಮನೆಯ ಖರ್ಚಿನಲ್ಲಿ ಕರಗಿಹೋಗಬಾರದೆಂಬ ಎಚ್ಚರ ಇದರಲ್ಲಿದೆ. ಮೂರು ತಿಂಗಳ ಕೂಸನ್ನೂ ಒಡೆತನವುಳ್ಳ ವ್ಯಕ್ತಿಯೆಂದು ಕಂಡ ಈ ನೋಟ ಗಮನಾರ್ಹವಾದುದು.

ಮುಂದಿನ ಕ್ರಿಯೆಗಳು ವಯಸ್ಸಿನ ಏಣಿಯನ್ನು ಒಂದೊಂದೇ ಮೆಟ್ಟಿಲಾಗಿ ಏರುತ್ತವೆ. ನಿಷದ್ಯೆಯಲ್ಲಿ ಮಗುವಿಗೆ ಆಸನ ದೊರೆಯುತ್ತದೆ, ಪ್ರಾಶನದಲ್ಲಿ ಅನ್ನ. ವರ್ಷ ತುಂಬಿದಾಗ ನಡೆಯುವ ವ್ಯುಷ್ಟಿಗೆ ವರ್ಷವರ್ಧನವೆಂಬ ಇನ್ನೊಂದು ಹೆಸರಿದೆ. ಅಂದು ಜಿನಪೂಜೆ, ದಾನ, ಇಷ್ಟಬಂಧುಗಳಿಗೆ ಊಟ. ಹುಟ್ಟುಹಬ್ಬದ ಆಚರಣೆ ಇತ್ತೀಚೆಗೆ ಹೊರಗಿನಿಂದ ಬಂದುದೆಂದು ಭಾವಿಸುವವರು ಒಂಬತ್ತನೆಯ ಶತಮಾನದ ಈ ವಿವರವನ್ನು ನೋಡಬೇಕು. ಕೇಶವಾಪದ ಬಳಿಕ ಐದನೆಯ ವರ್ಷದಲ್ಲಿ ಲಿಪಿಸಂಖ್ಯಾನ, ಗರ್ಭದಿಂದ ಎಂಟನೆಯ ವರ್ಷದಲ್ಲಿ ಉಪನೀತಿ. ಲಿಪಿಸಂಖ್ಯಾನದ ಪೂಜಾಸಾಮಗ್ರಿಯನ್ನು ಹೇಳುವಾಗ ಆಚಾರ್ಯರು ಬಳಸಿದ ಮಾತು ‘ಯಥಾವಿಭವಂ’. ಅವರವರ ಶಕ್ತಿಗೆ ತಕ್ಕಷ್ಟು ಎಂಬುದು ಅದರ ತಾತ್ಪರ್ಯ. ವಯಸ್ಸು ಮತ್ತು ವಿಭವ, ಈ ಎರಡು ಅಳತೆಗಳಿಂದಲೇ ಮಗುವಿಗೆ ಸಲ್ಲಬೇಕಾದುದು ನಿರ್ಧಾರವಾಗುತ್ತದೆ.

ಇವೇ ಎರಡು ಅಳತೆಗಳನ್ನು ಹಿಡಿದು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಹಬ್ಬಗಳತ್ತ ಹೊರಳಬಹುದು. ಒಂದೇ ರೈಲುದಾರಿಯ ಮೇಲಿರುವ ಈ ಮೂರು ಊರುಗಳು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದವು. ಆಡಳಿತದ ಗೆರೆ ಬದಲಾದರೂ ಹಬ್ಬದ ರೂಢಿ ಹಳೆಯ ಧಾರವಾಡ ಸೀಮೆಯದೇ.

ಅತ್ಯಂತ ಎಳೆಯ ಮಕ್ಕಳಿಗೆ ಸಲ್ಲುವ ಹಬ್ಬ ಸಂಕ್ರಾಂತಿ. ಐದು ವರ್ಷದೊಳಗಿನ ಕೂಸನ್ನು ಹೊಸ ಬಟ್ಟೆ ತೊಡಿಸಿ ಮಣೆಯ ಮೇಲೆ ಕೂರಿಸಿ, ಬಾರಿಹಣ್ಣು, ಕಬ್ಬಿನ ತುಂಡು, ಮಂಡಕ್ಕಿ, ಕುಸುರೆಳ್ಳು, ಚಿಲ್ಲರೆ ನಾಣ್ಯಗಳನ್ನು ಕಲಸಿ ತಲೆಯ ಮೇಲಿನಿಂದ ಸುರಿಯುತ್ತಾರೆ. ಇದಕ್ಕೆ ಕರಿ ಎರೆಯುವುದು ಎಂದು ಹೆಸರು. ಕೂಸು ಆ ಹಣ್ಣನ್ನು ತಿನ್ನಲಾರದು, ನಾಣ್ಯವನ್ನು ಎಣಿಸಲಾರದು. ಅದಕ್ಕೆ ದೊರೆಯುವುದು ಎಲ್ಲರ ನಡುವೆ ಕುಳಿತ ಮನ್ನಣೆ ಮಾತ್ರ. ಕೆಳಗೆ ಚೆಲ್ಲಿದ್ದನ್ನು ಮುಗಿಬಿದ್ದು ಆಯ್ದುಕೊಳ್ಳುವವರು ಸುತ್ತ ನೆರೆದ ಆರು, ಎಂಟು, ಹತ್ತು ವರ್ಷದ ಮಕ್ಕಳು. ಒಂದೇ ಬುಟ್ಟಿಯ ಹಣ್ಣು ಕೂಸಿಗೆ ಗೌರವವಾಗಿ, ದೊಡ್ಡ ಮಕ್ಕಳಿಗೆ ತಿನಿಸಾಗಿ ಏಕಕಾಲಕ್ಕೆ ಸಲ್ಲುತ್ತದೆ. ಬೇರೆ ಬೇರೆ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಯಾರಿಗೂ ಕಡಿಮೆಯಾಗದಂತೆ ಕೊಡುವ ಸಮಸ್ಯೆಗೆ ಇದಕ್ಕಿಂತ ಸರಳವಾದ ಪರಿಹಾರ ಸಿಗುವುದು ಕಷ್ಟ. ಬಹಿರ್ಯಾನದ ವಿಧಿಯಲ್ಲಿ ಬಂದುದನ್ನು ಕೂಡಿಡುತ್ತಾರೆ. ಇಲ್ಲಿ ಬಂದುದನ್ನು ಅಲ್ಲಿಯೇ ಹಂಚುತ್ತಾರೆ. ಎರಡರಲ್ಲಿಯೂ ಮಗುವನ್ನು ಸಮುದಾಯದ ಮುಂದೆ ತಂದು ನಿಲ್ಲಿಸುವ ಕೆಲಸ ನಡೆಯುತ್ತದೆ.

ನಡೆದಾಡಿ ಮಣ್ಣಿಗಿಳಿಯುವ ಮಕ್ಕಳ ಹಬ್ಬ ಜ್ಯೇಷ್ಠದ ಕೊನೆಯ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣಿನಲ್ಲಿ ಜೋಡೆತ್ತು ಮಾಡಿ, ಅವಕ್ಕೊಂದು ಗೋದಲಿ ಮಾಡಿ ಜಗುಲಿಯ ಮೇಲಿಟ್ಟು ಪೂಜಿಸುತ್ತಾರೆ. ಕುಂಬಾರರು ಮಾಡಿದ ಎತ್ತುಗಳು ಸಂತೆಗೂ ಬರುತ್ತವೆ. ಆಮೇಲೆ ಬರುವ ಆಷಾಢದ ಮಂಗಳವಾರಗಳು ಹೆಣ್ಣುಮಕ್ಕಳ ಗುಳ್ಳವ್ವನವು. ಅದೇ ಮಣ್ಣು ಈಗ ಗುಳ್ಳವ್ವನಾಗುತ್ತದೆ. ಗುಲಗಂಜಿ, ಕುಸುಬಿಯ ಕಾಳುಗಳು ಅವಳ ಒಡವೆಯಾಗುತ್ತವೆ. ಈ ಉಡುಗೊರೆಗೆ ಕಾಸು ಖರ್ಚಿಲ್ಲ. ಬಿತ್ತನೆಗೆ ಬೀಜ, ಗೊಬ್ಬರ ತಂದು ರೈತನ ಕೈ ಬರಿದಾಗಿರುವ ಕಾಲವದು. ಆ ಕಾಲಕ್ಕೆ ಹಬ್ಬ ಆರಿಸಿಕೊಂಡ ವಸ್ತು ಹೊಲದ ಮಣ್ಣು. ಯಥಾವಿಭವಂ ಎಂಬ ಮಾತಿಗೆ ಇದಕ್ಕಿಂತ ನೇರವಾದ ಭಾಷ್ಯ ಬೇಕಿಲ್ಲ.

ಮಣ್ಣಿನ ಆಟಿಕೆಯ ಎದುರು ಬೆಲೆಯುಳ್ಳ ಆಟಿಕೆಯನ್ನಿಟ್ಟು ನೋಡಿದ ಪ್ರಸಿದ್ಧ ಸನ್ನಿವೇಶ ಶೂದ್ರಕನ ಮೃಚ್ಛಕಟಿಕದಲ್ಲಿದೆ. ಬಡತನಕ್ಕೆ ಬಿದ್ದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ ಮೇಲೆ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನು ಕಳಚಿ ಮಣ್ಣಿನ ಬಂಡಿಯೊಳಗೆ ತುಂಬುತ್ತಾಳೆ. ನಾಟಕದ ಹೆಸರೂ ಕಥೆಯ ತೊಡಕೂ ಈ ಉಡುಗೊರೆಯಿಂದಲೇ ಬಂದವು. ನೆರೆಯವರ ಮಗುವಿನ ಕೈಯಲ್ಲಿರುವುದನ್ನು ನೋಡಿ ಅಳುವ ಮಗುವಿನ ದುಃಖ ಪುರಾತನವಾದುದು. ಮಣ್ಣೆತ್ತಿನ ಅಮಾವಾಸ್ಯೆಯ ವಿಶೇಷವೆಂದರೆ, ಅಂದು ಊರ ಗೌಡನ ಮಗುವಿಗೂ ಕೂಲಿಕಾರನ ಮಗುವಿಗೂ ದೊರೆಯುವುದು ಮಣ್ಣೇ.

ಶ್ರಾವಣದ ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳ ಜೊತೆ ಅವರ ಮಕ್ಕಳೂ ಬರುತ್ತಾರೆ. ಹೀಗಾಗಿ ಎಲ್ಲ ವಯಸ್ಸಿನ ಮಕ್ಕಳು ಒಂದೇ ಸೂರಿನಡಿ ಕೂಡುವ ಹಬ್ಬವಿದು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟುಗಳು ಎಲ್ಲರಿಗೂ ಸಮ. ಜೋಕಾಲಿ ಮಾತ್ರ ವಯಸ್ಸಿನಂತೆ: ಪುಟ್ಟವರಿಗೆ ಮನೆಯ ತೊಲೆಗೆ ಕಟ್ಟಿದ್ದು, ಬೆಳೆದವರಿಗೆ ಮರದ ಕೊಂಬೆಗೆ ಕಟ್ಟಿದ್ದು. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಬುಗುರಿಯಂತೆ ತಿರುಗಿಸುವ ಆಟ ಹುಡುಗರದು. ಆಡಿ ದಣಿದ ಮೇಲೆ ಅದೇ ಕೊಬ್ಬರಿ ತಿನಿಸಾಗುತ್ತದೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಸನ್ನಿವೇಶ ಬೇರೆಯಾಗಿರುತ್ತದೆ. ಹಿಂಗಾರು ಕೈಗೆ ಬರುವ ಹಂತದಲ್ಲಿರುತ್ತದೆ. ಬ್ಯಾಡಗಿಯ ಮಾರುಕಟ್ಟೆಗೆ ಸೋಮವಾರ, ಗುರುವಾರಗಳಂದು ಮೆಣಸಿನಕಾಯಿಯ ಚೀಲಗಳು ರಾಶಿಯಾಗಿ ಬಂದಿಳಿಯುತ್ತವೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಮೆಣಸಿನಕಾಯಿಯ ದುಡ್ಡು ಓಡಾಡುವ ಕಾಲಕ್ಕೆ ಹುಡುಗರ ಉಡುಗೊರೆಯೂ ದುಡ್ಡು ಕೊಟ್ಟು ತರುವಂಥದಾಗುತ್ತದೆ. ಕೈಗೊಂದು ಹಲಗೆ, ಕೊರಳಿಗೊಂದು ಸಕ್ಕರೆ ಸರ. ರಾಣೆಬೆನ್ನೂರಿನಲ್ಲಿ ಬೊಂಬೆಗಳ ಬದಲು ಜೀವಂತ ರತಿ-ಕಾಮರನ್ನು ಕೂರಿಸಿ, ಅವರನ್ನು ನಗಿಸಲು ಜನ ನಾನಾ ವಿಧದಿಂದ ಯತ್ನಿಸುವ ಸಂಪ್ರದಾಯ ಪ್ರಸಿದ್ಧವಾಗಿದೆ. ಆ ಗುಂಪಿನ ನಡುವೆ ಹುಡುಗನ ಹಲಗೆ ಅವನಿಗೆ ಬೀದಿಯ ಪ್ರವೇಶಪತ್ರವಿದ್ದಂತೆ. ಪೇಟೆ ಕುಸಿದ ವರ್ಷ ಈ ಸಂತೋಷವೂ ಕುಸಿಯುತ್ತದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಬೆಲೆ ಇಳಿದು ಬ್ಯಾಡಗಿಯಲ್ಲಿ ರೈತರ ಆಕ್ರೋಶ ಸ್ಫೋಟಿಸಿದಾಗ ಹೋಳಿ ಹುಣ್ಣಿಮೆಗೆ ಉಳಿದಿದ್ದದ್ದು ಎರಡೇ ವಾರ. ಮಕ್ಕಳ ಹಬ್ಬದ ಚರಿತ್ರೆಯನ್ನು ಬರೆಯುವವರು ಧಾರಣೆಯ ಪಟ್ಟಿಯನ್ನೂ ಓದಬೇಕಾಗುತ್ತದೆ.

ಈ ಸೀಮೆಯ ಅತ್ಯಂತ ಚೆಲುವಾದ ಉಡುಗೊರೆ ಕಾರ್ತಿಕದ ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆ. ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಬರುವ ಈ ಹುಣ್ಣಿಮೆಗಾಗಿ, ಸಕ್ಕರೆಯ ಪಾಕವನ್ನು ಕಟ್ಟಿಗೆಯ ಅಚ್ಚುಗಳಲ್ಲಿ ಎರೆದು ಆನೆ, ಒಂಟೆ, ಕುದುರೆ, ನವಿಲು, ಬಸವಣ್ಣ, ತೇರು, ಗೋಪುರಗಳನ್ನು ಮಾಡುತ್ತಾರೆ. ಹೆಣ್ಣುಮಕ್ಕಳು ಅವನ್ನು ದೀಪದೊಡನೆ ತಟ್ಟೆಯಲ್ಲಿಟ್ಟುಕೊಂಡು ಗೌರಿಯ ಗುಡಿಗೆ ಹೋಗಿ ಆರತಿ ಬೆಳಗುತ್ತಾರೆ. ಚಿಕ್ಕ ಹುಡುಗಿಗೆ ಅವಳ ಮನೆಯವರೇ ಗೊಂಬೆ ಕೊಡಿಸುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಸೀರೆ, ಹೂವಿನ ದಂಡೆಯ ಜೊತೆ ಸಕ್ಕರೆ ಗೊಂಬೆಗಳು ಗಂಡಿನ ಮನೆಯಿಂದ ಬರುತ್ತವೆ. ಕೊಡುವ ವಸ್ತು ಒಂದೇ. ಕೊಡುವ ಕೈ ಬದಲಾಗುತ್ತದೆ. ಹುಡುಗಿ ಬೆಳೆದದ್ದನ್ನು ಊರಿಗೆ ಸಾರುವುದು ಈ ಬದಲಾವಣೆಯೇ.

ಜೈನ ಮನೆಗಳಲ್ಲಿ ಇಂಥ ಪ್ರಾಣಿಯಾಕಾರದ ತಿನಿಸಿನ ಬಗ್ಗೆ ಒಂದು ಹಿಂಜರಿಕೆಯಿದೆ. ಅದರ ಮೂಲ ಯಶೋಧರನ ಕಥೆ. ಜನ್ನನು 1209ರಲ್ಲಿ ಯಶೋಧರ ಚರಿತೆಯಾಗಿ ಕನ್ನಡಿಸಿದ ಆ ಕಥೆಯಲ್ಲಿ, ಜೀವವಿರುವ ಕೋಳಿಯನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಸಂಕಲ್ಪಹಿಂಸೆಯ ಫಲವಾಗಿ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಜೀವದಯಾಷ್ಟಮಿಯ ಆಚರಣೆಯೊಡನೆ ಬೆಸೆದ ಈ ಕಥೆಯನ್ನು ಕೇಳಿ ಬೆಳೆದವರಿಗೆ ಸಕ್ಕರೆಯ ಕುದುರೆಯ ಕತ್ತನ್ನು ಕಚ್ಚುವುದು ಸಹಜವೆನಿಸದು. ಅಚ್ಚುಗಳ ಸಾಲಿನಲ್ಲಿ ಗೋಪುರವೂ ತೇರೂ ಇರುವುದರಿಂದ ಅಂಥವರಿಗೂ ಆಯ್ಕೆಯಿದೆ. ಮಗುವಿನ ಕೈಗೆ ಏನು ಕೊಡುತ್ತೇವೆ ಎಂಬುದಷ್ಟೇ ಮುಖ್ಯವಾಗಿ, ಆ ಕೈ ಅದನ್ನು ಏನು ಮಾಡುತ್ತದೆ ಎಂಬುದನ್ನೂ ಯೋಚಿಸಬೇಕೆಂಬ ವಿವೇಕ ಇಲ್ಲಿದೆ.

ಈ ಹಬ್ಬಗಳನ್ನೆಲ್ಲ ಸಾಲಾಗಿ ಜೋಡಿಸಿದಾಗ ಒಂದು ಸಂಗತಿ ಮರೆಯಾಗದೆ ಕಾಣುತ್ತದೆ. ಕೂಸಾಗಿರುವಾಗ ಗಂಡು ಹೆಣ್ಣೆಂಬ ಭೇದವಿಲ್ಲದೆ ಹಣ್ಣು ಎರೆದ ಕೈಗಳು, ಮಕ್ಕಳು ಬೆಳೆದಂತೆ ಬೇರೆ ಬೇರೆ ದಾರಿಗಳನ್ನು ತೋರಿಸತೊಡಗುತ್ತವೆ. ಹುಡುಗನಿಗೆ ಎತ್ತು, ಬುಗುರಿ, ಹಲಗೆ. ಅವು ಹೊಲಕ್ಕೂ ಬೀದಿಗೂ ಒಯ್ಯುವ ವಸ್ತುಗಳು. ಹುಡುಗಿಗೆ ಗುಳ್ಳವ್ವ, ಆರತಿ, ದಂಡೆ. ಅವು ಗೌರಿಯ ಗುಡಿಯ ಮೂಲಕ ಗಂಡನ ಮನೆಗೆ ಒಯ್ಯುವಂಥವು. ಸಕ್ಕರೆ ಗೊಂಬೆಯ ಚೆಲುವನ್ನು ಮೆಚ್ಚುತ್ತಲೇ ಅದು ಮುನ್ನುಡಿಯುವ ಬಾಳು ಒಂದೇ ಬಗೆಯದೆಂಬುದನ್ನು ಹೇಳದಿರುವುದು ಚರಿತ್ರೆಗೆ ನ್ಯಾಯವಲ್ಲ.

ಬರೆಹದ ಪರಂಪರೆಯಲ್ಲಿಯೂ ಈ ತೊಡಕು ಇದೆ. ಬಹಿರ್ಯಾನದ ಧನ ಸಲ್ಲುವುದು ತಂದೆಯ ಆಸ್ತಿಗೆ ಉತ್ತರಾಧಿಕಾರಿಯಾದ ಮಗನಿಗೆ. ಉಪನೀತಿಯೂ ಗಂಡುಮಗುವಿನದೇ. ಆದರೆ ಅದೇ ಆದಿಪುರಾಣದ 16ನೆಯ ಪರ್ವದಲ್ಲಿ ಮತ್ತೊಂದು ಚಿತ್ರವಿದೆ. ವೃಷಭನಾಥನು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಸಂಖ್ಯೆಗಳನ್ನೂ ಬರೆದು ಕಲಿಸುತ್ತಾನೆ. ವಿದ್ಯೆಯುಳ್ಳ ಪುರುಷನಿಗೆ ಮನ್ನಣೆ ದೊರೆಯುವಂತೆ ವಿದ್ಯೆಯುಳ್ಳ ಹೆಣ್ಣು ಸ್ತ್ರೀಸೃಷ್ಟಿಯಲ್ಲಿಯೇ ಮೊದಲ ಸ್ಥಾನವನ್ನು ಪಡೆಯುತ್ತಾಳೆ ಎಂಬ ಅರ್ಥದ ಮಾತನ್ನು ಆಚಾರ್ಯರು ಅಲ್ಲಿ ಅವನಿಂದ ಆಡಿಸಿದ್ದಾರೆ. ಗಂಡುಮಕ್ಕಳ ಸರದಿ ಆಮೇಲೆ: ಭರತನಿಗೆ ಅರ್ಥಶಾಸ್ತ್ರ ಮತ್ತು ನೃತ್ಯಶಾಸ್ತ್ರ, ವೃಷಭಸೇನನಿಗೆ ಗಾಂಧರ್ವ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ ಮೊದಲಾದ ವಿದ್ಯೆಗಳು. ಒಬ್ಬ ತಂದೆ, ಹಲವು ಮಕ್ಕಳು, ಒಬ್ಬೊಬ್ಬರಿಗೂ ಬೇರೆಯದೇ ಆಯ್ಕೆ. ಪಂಪನ ಕನ್ನಡ ಆದಿಪುರಾಣವೂ (ಕ್ರಿ.ಶ. 941) ಹೆಣ್ಣುಮಕ್ಕಳ ಈ ಅಕ್ಷರಾಭ್ಯಾಸವನ್ನು ಉಳಿಸಿಕೊಂಡಿದೆ. ಲಿಪಿಯೂ ಸಂಖ್ಯೆಯೂ ಲೋಕಕ್ಕೆ ಬಂದದ್ದು ಹೆಣ್ಣುಮಕ್ಕಳಿಗೆ ಸಂದ ಕೊಡುಗೆಯಾಗಿ ಎಂದು ನಂಬುವ ಪರಂಪರೆಯಿದು. ಆ ಇಬ್ಬರೂ ಮುಂದೆ ಮದುವೆಯ ದಾರಿಯನ್ನು ಬಿಟ್ಟು ದೀಕ್ಷೆಯ ದಾರಿಯನ್ನು ಹಿಡಿದರು. ಪಡೆದ ಉಡುಗೊರೆ ಅವರ ಬಾಳನ್ನು ಮೊದಲೇ ಗೊತ್ತುಮಾಡಿಡಲಿಲ್ಲ. ಆರಿಸಿಕೊಳ್ಳುವ ಶಕ್ತಿಯನ್ನು ಕೊಟ್ಟಿತು.

ಈ ಆದರ್ಶ ಪುರಾಣದ ಪುಟದಲ್ಲಿಯೇ ಉಳಿದುಹೋಗಲಿಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಕೊನೆಗೆ ದಕ್ಕಿದ್ದು ಬಂಕಾಪುರದೊಡನೆ ಸಂಬಂಧವಿದ್ದ ಅಜಿತಸೇನಾಚಾರ್ಯರಿಂದ ಬಂದ ವಿದ್ಯೆ. ಅವನಿಂದ ಅಜಿತಪುರಾಣವನ್ನು (ಕ್ರಿ.ಶ. 993) ಬರೆಯಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಕೊನೆಯದಕ್ಕೆ ಅವಳಿಗಿಂತ ದೊಡ್ಡ ನಿದರ್ಶನವಿಲ್ಲ. ಒಂಬೈನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಹಾವೇರಿ ತಾಲೂಕಿನ ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪುಸ್ತಕವು ಮನೆಬಾಗಿಲಿಗೆ ಬರುವ ವಸ್ತುವಾದುದು ಈ ಸೀಮೆಗೆ ಹೊಸತಲ್ಲ. ಹೀಗಿದ್ದರೂ ಇಲ್ಲಿನ ಹಬ್ಬದ ಉಡುಗೊರೆಗಳ ಸಾಲಿನಲ್ಲಿ ಪುಸ್ತಕಕ್ಕೆಂದು ಒಂದು ದಿನ ಗೊತ್ತಾಗಲಿಲ್ಲ. ಆಗಮವು ಲಿಪಿಗೆ ಇಳಿದುದನ್ನು ನೆನೆಯುವ ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯು ಅಂಥ ದಿನವಾಗಲು ಎಲ್ಲ ಅರ್ಹತೆಯನ್ನೂ ಪಡೆದಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅದರಿಂದ ಮೂರೂವರೆ ವಾರದ ಅಂತರವಷ್ಟೆ.

ಇಂದು ಮೂರೂ ಊರುಗಳ ಪೇಟೆಯಲ್ಲಿ ಆಟಿಕೆಗಳು ಡಬ್ಬಿಯಲ್ಲಿ ಬರುತ್ತವೆ. ಡಬ್ಬಿಯ ಮೇಲೆ ವಯಸ್ಸು ಅಚ್ಚಾಗಿರುತ್ತದೆ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಎಳೆಯ ಮಗುವಿನ ಗಂಟಲಲ್ಲಿ ಚಿಕ್ಕ ಬಿಡಿಭಾಗ ಸಿಕ್ಕಿಕೊಳ್ಳಬಾರದೆಂಬ ಕಾಳಜಿ ಅವಶ್ಯವಾದುದೇ. ಆದರೆ ಡಬ್ಬಿಯ ಮೇಲಿನ ಅಂಕಿಗೆ ತಿಳಿದಿರುವುದು ಮಗುವಿನ ದೇಹದ ವಯಸ್ಸು. ಮನೆಯಲ್ಲಿ ಅದಕ್ಕಿಂತ ಚಿಕ್ಕವರು ಎಷ್ಟು ಮಂದಿ, ದೊಡ್ಡವರು ಎಷ್ಟು ಮಂದಿ, ಈ ವರ್ಷ ಪೇಟೆಯಲ್ಲಿ ಧಾರಣೆ ಹೇಗಿತ್ತು, ಈ ವಸ್ತುವನ್ನು ಹಿಡಿದ ಮಗು ನಾಳೆ ಎತ್ತ ನಡೆದೀತು ಎಂಬ ಪ್ರಶ್ನೆಗಳನ್ನು ಅದು ಕೇಳದು. ಅವನ್ನು ಕೇಳಬೇಕಾದವರು ಕೊಡುವವರೇ.

ಹಾವೇರಿ ಸೀಮೆಯ ಹಬ್ಬಗಳು ಮಗುವನ್ನು ಪಡೆಯುವ ಸ್ಥಾನದಲ್ಲಿಯೇ ಬಹುಕಾಲ ಕೂರಿಸುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ವಿಜಯದಶಮಿಯ ಸಂಜೆ ಮಕ್ಕಳು ಬನ್ನಿಯನ್ನು ಬಂಗಾರವೆಂದು ಹಿರಿಯರ ಕೈಗಿಟ್ಟು ಕಾಲಿಗೆರಗುತ್ತಾರೆ. ಸಂಕ್ರಾಂತಿಯಂದು ಹೊಸ ಬಟ್ಟೆ ತೊಟ್ಟು ಕುಸುರೆಳ್ಳಿನ ಡಬ್ಬಿ ಹಿಡಿದು ಓಣಿಯ ಮನೆಮನೆಗೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ಮಣೆಯ ಮೇಲೆ ಕುಳಿತು ತಲೆಯ ಮೇಲೆ ಹಣ್ಣು ಸುರಿಸಿಕೊಂಡ ಕೂಸು ಇಂದು ತಾನೇ ನಾಲ್ಕು ಕಾಳು ಎಳ್ಳನ್ನು ಅಜ್ಜಿಯ ಅಂಗೈಗೆ ಹಾಕುತ್ತದೆ. ಬಹಿರ್ಯಾನದ ಪಾರಿತೋಷಿಕವನ್ನು ಕೂಡಿಟ್ಟು ಒಡೆತನ ಬಂದ ದಿನ ಒಪ್ಪಿಸಬೇಕೆಂದ ಆಚಾರ್ಯರ ಮಾತಿಗೂ ಈ ಎಳ್ಳುಕಾಳಿಗೂ ಸಂಬಂಧವಿದೆ. ತನ್ನದೆನ್ನುವುದು ಏನಾದರೂ ಇದ್ದವರಿಗೆ ಮಾತ್ರ ಕೊಡುವುದು ಸಾಧ್ಯ.